ಗೇಟಿನವರೆಗೆ

ಪಿಲ್ಲಗುಂಪೆ
16 ಜನವರಿ 2025, ಗುರುವಾರ

ಸಂಕ್ರಾಂತಿಯ ಕಬ್ಬಿನ ಜಲ್ಲೆ ಇನ್ನೂ ಬಾಗಿಲ ಮೂಲೆಯಲ್ಲೇ ಒರಗಿದೆ. ರಾತ್ರಿ ದುಬೈಯಿಂದ ಮಗಳ ಫೋನು. ಫೆಬ್ರವರಿ ಕೊನೆಯ ವಾರಕ್ಕೆ ಹೆರಿಗೆ ಅಂದಿದ್ದಾರಂತೆ ಡಾಕ್ಟರು. ಬಾಣಂತನ ಇಲ್ಲೇ ಆಗಲಿ, ಬಂದುಬಿಡು ಎಂದು ಐದನೇ ತಿಂಗಳಿನಿಂದ ಹೇಳುತ್ತಿದ್ದೆವು. ಅವಳ ರಜೆ ಹೊಂದಲಿಲ್ಲ. ದಿನ ತುಂಬುತ್ತಾ ಬಂದವರನ್ನು ವಿಮಾನದವರು ಹತ್ತಿಸಿಕೊಳ್ಳುವುದೂ ಇಲ್ಲ. ಹಾಗಾಗಿ ತಾಯಿಯೇ ಮಗಳ ಮನೆಗೆ ಹೋಗುವುದೆಂದು ಆಯಿತು. "ಅಪ್ಪಾ, ನೀನೂ ಬಾ" ಅಂದಳು. ಹೂಂ ಅಂದೆ. ಆದರೆ ನನ್ನ ಪಾಸ್‌ಪೋರ್ಟ್ ಇನ್ನೂ ಕೈಗೆ ಬಂದಿಲ್ಲ.

ಮೂವತ್ತೊಂದು ವರ್ಷ ಲಾರಿ, ಟ್ರೇಲರ್ ಓಡಿಸಿದೆ. ಸೀಟಿನ ಪಕ್ಕ ಯಾವಾಗಲೂ ಒಂದು ನೋಟ್‌ಬುಕ್ ಇರುತ್ತಿತ್ತು. ಹೊರಟ ಹೊತ್ತು, ಕಿಲೋಮೀಟರು, ಡೀಸೆಲ್ಲು, ಲೋಡು ಏನು, ತಲುಪಿದ್ದು ಎಷ್ಟಕ್ಕೆ, ಎಲ್ಲ ಬರೆದಿಡುತ್ತಿದ್ದೆ. ಸ್ಟೇರಿಂಗ್ ಬಿಟ್ಟು ಮೂರು ವರ್ಷವಾಯಿತು, ಬರೆಯುವ ಅಭ್ಯಾಸ ಬಿಟ್ಟಿಲ್ಲ. ಇವತ್ತು ಅಟ್ಟದ ಮೇಲಿಂದ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿ ನೋಡಿದೆ. ಚೆನ್ನೈ ಬಂದರು, ದೇವನಹಳ್ಳಿಯ ಕಾರ್ಗೋ, ಬಂಗಾಳದ ಪೆಟ್ರಾಪೋಲ್. ಒಂದು ದೇಶದಿಂದ ಇನ್ನೊಂದಕ್ಕೆ ನೀರಿನ ಮೇಲೆ ಹೋಗಬೇಕು, ಇಲ್ಲ ಗಾಳಿಯಲ್ಲಿ ಹೋಗಬೇಕು, ಇಲ್ಲ ನೆಲದ ಮೇಲೆ ಹೋಗಬೇಕು. ಈ ಮೂರು ದಾರಿಯ ಬಾಯಿಗೂ ಹೋಗಿ ನಿಂತವನು ನಾನು. ಮೂರು ಕಡೆಯೂ ಗೇಟಿನವರೆಗೆ ಮಾತ್ರ. ಲೋಡು ಒಳಗೆ ಹೋಯಿತು, ನಾನು ವಾಪಸು ಬಂದೆ.

21 ಜನವರಿ, ಮಂಗಳವಾರ

ಪಾಸ್‌ಪೋರ್ಟ್ ಕೇಂದ್ರದಿಂದ ಬಂದಾಗ ಮಧ್ಯಾಹ್ನ ಮೂರು ಗಂಟೆ. ಡ್ರೈವಿಂಗ್ ಲೈಸೆನ್ಸಿನ ಪ್ರಕಾರ ನಾನು ಹುಟ್ಟಿದ್ದು 1964ರ ಜೂನ್ ಒಂದಕ್ಕೆ. ಶಾಲೆಯ ಟಿ.ಸಿ.ಯಲ್ಲಿ 1963ರ ನವೆಂಬರ್. ಆಧಾರ್ ಮಾಡಿಸುವಾಗ ಲೈಸೆನ್ಸ್ ನೋಡಿಯೇ ಬರೆಸಿದ್ದೆ. ಅವ್ವ ಇದ್ದಿದ್ದರೆ ದೀಪಾವಳಿ ಕಳೆದು ರಾಗಿ ಕೊಯ್ಲು ಹಿಡಿದ ಹೊತ್ತು ಅಂತ ಹೇಳುತ್ತಿದ್ದಳು. ಅದು ಟಿ.ಸಿ.ಗೇ ಸರಿಹೊಂದುತ್ತದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಹೇಳಿದಳು: "ಎಲ್ಲ ದಾಖಲೆಯಲ್ಲೂ ಒಂದೇ ತಾರೀಖು ಇರಲಿ ಅಂಕಲ್. ಸರಿ ಮಾಡಿಸಿಕೊಂಡು ಬನ್ನಿ." ತಪ್ಪು ನನ್ನದೇ. ನಲವತ್ತು ವರ್ಷ ಯಾರೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ಒಂದು ಭಯ ಮಾತ್ರ ಇವತ್ತು ಹೋಯಿತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಎಂದು ಬರುತ್ತದೆ, ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ತೆಗೆದುಕೊಳ್ಳಬೇಕು ಎಂದು ಜೊತೆಯ ಡ್ರೈವರುಗಳ ಬಾಯಲ್ಲಿ ಕೇಳಿದ್ದೆ. ನಾನು ಓದಿದ್ದು ಎಂಟು, ನಮ್ಮವಳು ಆರು. ಐವತ್ತು ದಾಟಿದವರಿಗೆ ಆ ನಿಯಮ ಇಲ್ಲವಂತೆ. ಮಗಳನ್ನು ನೋಡಲು ಹೋಗುವವರಿಗಂತೂ ಆ ಪ್ರಶ್ನೆಯೇ ಬರುವುದಿಲ್ಲ.

ನಮ್ಮವಳ ಪಾಸ್‌ಪೋರ್ಟ್ ಹೋದ ವಾರವೇ ಸ್ಪೀಡ್ ಪೋಸ್ಟಿನಲ್ಲಿ ಬಂದಿದೆ. 1,500 ರೂಪಾಯಿ, 36 ಪುಟ, ಹತ್ತು ವರ್ಷದ ಅವಧಿ. ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಿದ್ದಾಳೆ. ಅವಳು ಒಬ್ಬಳೇ ಹೋಗಬೇಕಾಗುತ್ತದೆ ಎಂದು ಇವತ್ತು ಇಬ್ಬರಿಗೂ ಗೊತ್ತಾಯಿತು. ಬಸ್ಸಿನಲ್ಲಿ ಬರುವಾಗ ಅವಳು ಮಾತೇ ಆಡಲಿಲ್ಲ.

27 ಜನವರಿ, ಸೋಮವಾರ

ಬೆಳಿಗ್ಗೆ ಹೊಸಕೋಟೆಗೆ ಹೋಗಿ ಬರುವಾಗ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಮುಂದೆ ನಲವತ್ತು ಅಡಿಯ ಕಂಟೇನರಿಗೆ ಸೀಲು ಹಾಕುತ್ತಿದ್ದರು. ಕಾಲು ತಾನಾಗಿ ನಿಂತಿತು. ಬೆರಳು ಗಾತ್ರದ ಕಬ್ಬಿಣದ ಕಡ್ಡಿ, ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ನಂಬರು. ಬಾಗಿಲ ಚಿಲಕದ ತೂತಿಗೆ ತೂರಿಸಿ ಕೆಳಗಿನ ಟೋಪಿಗೆ ಒತ್ತಿದರೆ ಟಕ್ ಎನ್ನುತ್ತದೆ. ಆ ಸದ್ದಾದ ಮೇಲೆ ದೊಡ್ಡ ಕಟರ್ ತರದೆ ಯಾರೂ ಬಿಚ್ಚುವಂತಿಲ್ಲ. ಆ ನಂಬರು ಕಾಗದದಲ್ಲಿರುವ ನಂಬರಿಗೆ ಕೂಡಿದರೆ ಲೋಕದ ಯಾವ ಬಂದರಿಗೆ ಬೇಕಾದರೂ ಪೆಟ್ಟಿಗೆ ಹೋಗುತ್ತದೆ. ಒಂದು ಅಂಕಿ ತಪ್ಪಿದರೆ ಬಂದರಿನ ಗೇಟೇ ದಾಟದು.

ನಮ್ಮ ಕಡೆಯ ಗುಲಾಬಿ ಈರುಳ್ಳಿ ಎಷ್ಟು ಸಲ ಒಯ್ದಿದ್ದೇನೋ ಲೆಕ್ಕವಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಜಿಲ್ಲೆ, ಇಲ್ಲಿ ಬೆಳೆಯುವ ಸಣ್ಣ ಗಡ್ಡೆಯ ಕೆಂಪು ಈರುಳ್ಳಿ. ಇಲ್ಲಿಯವರಿಗಿಂತ ಮಲೇಷ್ಯಾ, ಸಿಂಗಪುರದವರಿಗೆ ಅದರ ಮೇಲೆ ಆಸೆ ಹೆಚ್ಚು. 2015ರಲ್ಲಿ ಅದಕ್ಕೆ ಜಿ.ಐ. ಗುರುತೂ ಸಿಕ್ಕಿತು. ಸಂಜೆ ಇಲ್ಲಿಂದ ಹೊರಟರೆ ಕೋಲಾರ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ, ಆಮೇಲೆ ಚೆನ್ನೈ. ಆಗ ನಂಗಲಿಯ ಚೆಕ್‌ಪೋಸ್ಟೇ ಒಂದು ದೇಶದ ಗಡಿಯ ಹಾಗಿತ್ತು. ಕಾಗದ ಹಿಡಿದು ಕ್ಯೂ, ಮೊಹರು, ಮತ್ತೆ ಆಂಧ್ರದ ಕಡೆ ಇನ್ನೊಂದು ಕ್ಯೂ. 2017ರ ಜುಲೈ ಒಂದಕ್ಕೆ ಜಿ.ಎಸ್.ಟಿ. ಬಂದು ಆ ತೆರಿಗೆ ಗೇಟುಗಳು ಎದ್ದುಹೋದವು. ನಮ್ಮ ದೇಶದೊಳಗೇ ನಾವು ಪರದೇಶದವರ ಹಾಗೆ ನಿಂತಿದ್ದೆವು ಎಂದು ಆಮೇಲೆ ಅನಿಸಿತು. ಈಗ ಇಲ್ಲೇ ಜಿನ್ನಾಗರ ಕ್ರಾಸಿನಿಂದ ಚೆನ್ನೈಗೆ ಎಕ್ಸ್‌ಪ್ರೆಸ್ ಹೆದ್ದಾರಿಯೂ ಆಗುತ್ತಿದೆ. ಕರ್ನಾಟಕದ 71 ಕಿಲೋಮೀಟರಿನಲ್ಲಿ ಹೋದ ತಿಂಗಳಿನಿಂದ ಗಾಡಿ ಬಿಡುತ್ತಿದ್ದಾರೆ.

ಬಂದರಿನ ಗೇಟಿನಲ್ಲಿ ಫಾರ್ಮ್ 13 ಎಂಬ ಗೇಟ್ ಪಾಸು ಕೊಟ್ಟು ಒಳಗೆ ಹೋಗಿ, ಕ್ರೇನು ಪೆಟ್ಟಿಗೆಯನ್ನು ಎತ್ತಿಕೊಂಡರೆ ಟ್ರೇಲರು ಒಂದು ಗೇಣು ಮೇಲೇಳುತ್ತದೆ. ಸೀಟಿನಲ್ಲಿ ಕೂತವನಿಗೆ ಅದು ತಿಳಿಯುತ್ತದೆ. ಹಡಗಿನ ಗೋಡೆ ಮಾತ್ರ ಕಾಣುತ್ತಿತ್ತು, ಸಮುದ್ರ ಕಾಣುತ್ತಿರಲಿಲ್ಲ. ಅಷ್ಟೇ. ಖಾಲಿ ಗಾಡಿ ತಿರುಗಿಸಿಕೊಂಡು ಹೊರಗೆ ಬರುವುದು.

ರಾತ್ರಿ ಊಟಕ್ಕೆ ಕೂತಾಗ ನಮ್ಮವಳಿಗೆ ಹೇಳಿದೆ. ಪಾಸ್‌ಪೋರ್ಟ್ ಅಂದರೆ ಸೀಲಿನ ನಂಬರು ಇದ್ದ ಹಾಗೆ, ವೀಸಾ ಅಂದರೆ ಗೇಟ್ ಪಾಸು ಇದ್ದ ಹಾಗೆ, ಎರಡೂ ಕೂಡಿದರೆ ಯಾರೂ ತಡೆಯುವುದಿಲ್ಲ, ಹೆದರಬೇಡ ಎಂದು. ಅವಳು ಮುದ್ದೆ ಮುರಿಯುತ್ತಾ, "ಪೆಟ್ಟಿಗೆಗೆ ಬಾಯಿಲ್ಲ. ನನ್ನನ್ನ ಅವರು ಏನಾದ್ರೂ ಕೇಳ್ತಾರಲ್ಲ ರೀ, ಅದಕ್ಕೇನು ಹೇಳಲಿ?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

30 ಜನವರಿ, ಗುರುವಾರ

ಫ್ಯಾಕ್ಟರಿಯ ಸೆಕ್ಯುರಿಟಿಯಲ್ಲಿರುವ ನೇಪಾಳದ ಹುಡುಗ ಊರಿಗೆ ಹೋಗಿದ್ದವನು ಬಂದಿದ್ದಾನೆ. ಟೀ ಅಂಗಡಿಯಲ್ಲಿ ಸಿಕ್ಕ. ಬಂದ ದಾರಿ ಕೇಳಿದೆ. ಮನೆಯಿಂದ ಮಹೇಂದ್ರನಗರ, ಅಲ್ಲಿಂದ ಶಾರದಾ ನದಿಯ ಅಣೆಕಟ್ಟೆಯ ಮೇಲೆ ಹಾದು ಬನಬಸಾ, ಅಲ್ಲಿಗೆ ಇಂಡಿಯಾ. ಆಮೇಲೆ ಬಸ್ಸಿನಲ್ಲಿ ದಿಲ್ಲಿ, ದಿಲ್ಲಿಯಿಂದ ರೈಲು. ಬ್ಯಾಗು ತೆಗೆದು ನೋಡಿದರು, ಗುರುತಿನ ಚೀಟಿ ನೋಡಿದರು, ಹೋಗು ಅಂದರು. ವೀಸಾ ಇಲ್ಲ, ಪಾಸ್‌ಪೋರ್ಟ್ ಬೇಕಿಲ್ಲ. 1950ರ ಜುಲೈ 31ರಂದು ಎರಡು ದೇಶಗಳು ಮಾಡಿಕೊಂಡ ಒಪ್ಪಂದದ ಪುಣ್ಯ ಅದು. ನಮ್ಮವರೂ ಅಷ್ಟೇ. ಕಾಶಿಗೆ ಹೋದ ಹೊಸಕೋಟೆಯ ಯಾತ್ರೆ ಬಸ್ಸುಗಳು ಗೋರಖಪುರ ದಾಟಿ ಸೋನೌಲಿಯಲ್ಲಿ ನೇಪಾಳಕ್ಕೆ ಹೋಗುತ್ತವೆ. ಬಸ್ಸಿಗೆ ಭಂಸಾರ್ ಎಂಬ ಸುಂಕ ಕಟ್ಟಬೇಕು, ಜನಕ್ಕೆ ವೋಟರ್ ಕಾರ್ಡ್ ಸಾಕು. ಗಡಿಯಾರ ಮಾತ್ರ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕು. ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರು. ಅಲ್ಲಿ ನಿಂತು ಕನ್ನಡದಲ್ಲಿ ಮಾತಾಡಿಸಿಬಂದೆ ಎಂದು ನಮ್ಮ ಬೀದಿಯ ಅಜ್ಜಿ ಇವತ್ತಿಗೂ ಹೇಳುತ್ತಾರೆ.

ನನ್ನ ರಸ್ತೆಯ ಗಡಿ ಬೇರೆ. 1998ರ ನೋಟ್‌ಬುಕ್ಕಿನಲ್ಲಿದೆ: ಹೊಸೂರಿನಿಂದ ಗಾಡಿಯ ಚಾಸಿ, ಬಾಂಗ್ಲಾದೇಶಕ್ಕೆ. ಆಗ ಚಾಸಿಗೆ ಕ್ಯಾಬಿನ್ ಇರುತ್ತಿರಲಿಲ್ಲ. ಮರದ ಹಲಗೆಯ ಸೀಟು, ಕಣ್ಣಿಗೆ ಕನ್ನಡಕ, ತಲೆಗೆ ಮಂಕಿ ಕ್ಯಾಪು, ಮಳೆಗೆ ಮೈಮೇಲೆ ಟಾರ್ಪಾಲು. ಚೆನ್ನೈ, ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ, ಕಲ್ಕತ್ತಾ. ಕಲ್ಕತ್ತಾದಿಂದ ಬನಗಾಂವ್‌ವರೆಗೆ ಜೆಸ್ಸೋರ್ ರಸ್ತೆ. ಎರಡೂ ಕಡೆ ಮಳೆಮರಗಳು ಮೇಲೆ ಕೂಡಿಕೊಂಡು ಹಗಲಲ್ಲೇ ಕತ್ತಲೆ. ಎರಡು ಸಾವಿರ ಕಿಲೋಮೀಟರು ಗಾಳಿಗೆ ಮುಖ ಕೊಟ್ಟು ಹೋದವನಿಗೆ ಆ ನೆರಳು ತಾಯಿಯ ಸೆರಗಿನ ಹಾಗಿತ್ತು. ಟೀ ಅಂಗಡಿಯ ಮುದುಕರೊಬ್ಬರು ಹಿಂದಿಯಲ್ಲಿ ಹೇಳಿದರು: 1971ರಲ್ಲಿ ಇದೇ ರಸ್ತೆಯಲ್ಲಿ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಆ ಕಡೆಯಿಂದ ಬಂದರು, ಈ ಮರಗಳ ಕೆಳಗೇ ಒಲೆ ಹೂಡಿದರು ಎಂದು. ಆ ವರ್ಷ ಸುಮಾರು ಒಂದು ಕೋಟಿ ಜನ ಹಾಗೆ ನಮ್ಮ ದೇಶದೊಳಗೆ ಬಂದರು. ಜೀವ ಉಳಿಸಿಕೊಳ್ಳಲು ಬರುವವರು ಬರುವ ದಾರಿಯೂ ರಸ್ತೆಯೇ.

ಪೆಟ್ರಾಪೋಲ್‌ನಲ್ಲಿ ಈಗ ದೊಡ್ಡ ಚೆಕ್‌ಪೋಸ್ಟ್ ಕಟ್ಟಿದ್ದಾರೆ, 2016ರಲ್ಲಿ ಉದ್ಘಾಟನೆಯಾಯಿತು. ನಾನು ಹೋದಾಗ ರಸ್ತೆಗೆ ಅಡ್ಡವಾಗಿ ಒಂದು ಗೇಟು. ಆಚೆ ನೂರು ಹೆಜ್ಜೆಯಲ್ಲಿ ಬೇರೆ ದೇಶದ ಬಾವುಟ, ಇಲ್ಲಿಯದೇ ತರಹದ ಬಾಳೆತೋಟ, ಇಲ್ಲಿಯದೇ ಮಾತು. ಚಾಸಿಯ ಕೀಲಿ, ಕಾಗದ ಕೊಟ್ಟೆ. ಬೇರೆಯವನು ಹತ್ತಿ ಆ ಕಡೆ ಓಡಿಸಿಕೊಂಡು ಹೋದ. ಮಂಕಿ ಕ್ಯಾಪು ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ. ರೈಲಿನಲ್ಲಿ ವಾಪಸು ಬಂದೆ.

2 ಫೆಬ್ರವರಿ, ಭಾನುವಾರ

ಹೆದ್ದಾರಿಯ ಟೈರ್ ಅಂಗಡಿಯ ಭಾಯಿಗೆ ನಮ್ಮವಳ ವೀಸಾ ಬಂದ ಸುದ್ದಿ ಹೇಳಿದೆ. ಅರವತ್ತು ದಿನದ ವೀಸಾ, ಅಳಿಯನೇ ಅಲ್ಲಿಂದ ಮಾಡಿಸಿ ಮೊಬೈಲಿಗೆ ಕಳಿಸಿದ್ದಾನೆ. ಭಾಯಿ ಖುಷಿಪಟ್ಟು ಅವರ ಅಬ್ಬಾನ ಹಜ್ ಯಾತ್ರೆಯ ಕಥೆ ತೆಗೆದರು. ಹೊಸಕೋಟೆಯಿಂದ ಬೆಂಗಳೂರು, ರೈಲಿನಲ್ಲಿ ಬೊಂಬಾಯಿ, ಮುಸಾಫಿರ್‌ಖಾನೆಯಲ್ಲಿ ಕೆಲವು ದಿನ, ಆಮೇಲೆ ಹಡಗು. ಜೆಡ್ಡಾ ಸೇರಲು ಒಂದು ವಾರಕ್ಕೂ ಮೇಲೆ. ಅಕ್ಕಿ, ಬೇಳೆ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದರಂತೆ. ಅಷ್ಟು ದಿನ ಒಟ್ಟಿಗೆ ಕೂತು ಉಂಡವರು ಇಳಿಯುವಾಗ ನೆಂಟರಾಗಿದ್ದರಂತೆ. ಕೇರಳದವರೊಬ್ಬರು ಅಬ್ಬಾ ತೀರಿಕೊಳ್ಳುವ ತನಕ ಕಾಗದ ಬರೆಯುತ್ತಿದ್ದರಂತೆ. ವಾಪಸು ಬರುವಾಗ ತಗಡಿನ ಡಬ್ಬದಲ್ಲಿ ಝಂಝಂ ನೀರು ತುಂಬಿ, ಬಾಯಿಗೆ ಬೆಸುಗೆ ಹಾಕಿಸಿ ತಂದಿದ್ದರು. 1995ರಲ್ಲಿ ಹಡಗಿನ ಹಜ್ ಯಾತ್ರೆ ನಿಂತುಹೋಯಿತು. ಭಾಯಿ ಹೋಗಿದ್ದು ಬೆಂಗಳೂರಿನಿಂದ ವಿಮಾನದಲ್ಲಿ. "ಅಬ್ಬಾಗೆ ದಾರಿ ಸವೆಸೋದೇ ಅರ್ಧ ಇಬಾದತ್ ಆಗಿತ್ತು ಅಣ್ಣ. ನಾನು ಒಂದು ನಿದ್ದೆ ಮಾಡಿ ಎದ್ದೆ, ಬಂದುಬಿಟ್ಟಿತ್ತು" ಅಂದರು.

ಹಡಗಿನ ಮಾತು ಕೇಳಿ ನೆನಪಾಯಿತು, ಮಗಳು ಬಿ.ಎ. ಓದುವಾಗ ಒಂದು ಪಾಠ ನನಗೆ ಓದಿ ಹೇಳಿದ್ದಳು. ಅಬ್ದುರ್ ರಝಾಕ್ ಎಂಬ ಪರ್ಷಿಯಾದ ರಾಯಭಾರಿ 1442ರಲ್ಲಿ ಹೊರ್ಮುಜ್‌ನಿಂದ ಹಡಗು ಹತ್ತಿದವನು ಗಾಳಿಯ ಕಾಲ ಮೀರಿದ್ದರಿಂದ ಮಸ್ಕತ್ ಕಡೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಆಮೇಲೆ ಕಲ್ಲಿಕೋಟೆ, ಅಲ್ಲಿಂದ ಮತ್ತೆ ಸಮುದ್ರದಲ್ಲಿ ನಮ್ಮ ಮಂಗಳೂರು, ಘಟ್ಟ ಹತ್ತಿ 1443ರಲ್ಲಿ ವಿಜಯನಗರ. ಆ ಹೊರ್ಮುಜ್ ಇರುವುದು ದುಬೈಯ ಎದುರು ದಂಡೆಯಲ್ಲೇ ಎಂದು ಅವಳೇ ಮೊನ್ನೆ ಫೋನಿನಲ್ಲಿ ಜ್ಞಾಪಿಸಿದಳು. ಅವನು ಬಂದ ನೀರಿನ ಮೇಲೆಯೇ ನಮ್ಮವಳು ನಾಲ್ಕು ಗಂಟೆಯಲ್ಲಿ ಹಾರಿಹೋಗುತ್ತಾಳೆ.

9 ಫೆಬ್ರವರಿ, ಭಾನುವಾರ

ಬ್ಯಾಗು ಕಟ್ಟಿದೆವು. ಅಂಟಿನುಂಡೆ ಒಂದು ಡಬ್ಬ, ಮೆಣಸು, ಒಣಶುಂಠಿ, ಓಮ, ಬೆಳ್ಳುಳ್ಳಿ, ರಾಗಿ ಹಿಟ್ಟು, ಕೂಸಿಗೆ ಹಳೆಯ ಪಂಚೆ ಹರಿದು ಮೆತ್ತಗೆ ಒಗೆದ ಬಟ್ಟೆಗಳು. ಅಳಿಯ ಕಳಿಸಿದ ಪಟ್ಟಿ ಕೈಯಲ್ಲಿ ಹಿಡಿದು ನಾನು ಒಂದೊಂದೇ ನೋಡಿದೆ. ಗಸಗಸೆ ಇತ್ತು. ಬಾಣಂತಿಗೆ ಗಸಗಸೆ ಪಾಯಸ ಕೊಟ್ಟರೆ ನಿದ್ದೆ ಬರುತ್ತದೆ ಎಂದು ಕಾಲು ಕೆ.ಜಿ. ಕಟ್ಟಿದ್ದಳು. ಆ ದೇಶದಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಸಿಕ್ಕಿದರೆ ಜೈಲು. ತೆಗೆದಿಟ್ಟೆ. ವೀಳ್ಯದೆಲೆ ಒಂದು ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದಳು. ಅದೂ ಅಲ್ಲಿ ನಿಷೇಧ. ತೆಗೆದೆ. ಒಣಕೊಬ್ಬರಿ ಗಿಟಕುಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಬ್ಯಾಗಿನಲ್ಲಿ ಹಾಕುವಂತಿಲ್ಲ. ಅದರ ಕಾರಣ ನನಗೆ ಗೊತ್ತು. ಎಣ್ಣೆ ಇರುವ ಕೊಬ್ಬರಿ ಒತ್ತಾಗಿ ತುಂಬಿದರೆ ತಾನಾಗೇ ಬಿಸಿಯಾಗುತ್ತದೆ. ಹಡಗಿಗೆ ಹಾಕುವಾಗಲೂ ಅಪಾಯದ ಸರಕೆಂದೇ ಗುರುತು ಹಾಕುತ್ತಾರೆ. ಅದನ್ನೂ ತೆಗೆದೆ.

ತೆಗೆದಿಟ್ಟದ್ದನ್ನೆಲ್ಲ ನೋಡುತ್ತಾ ಅವಳ ಕಣ್ಣು ತುಂಬಿತು. "ಎಲೆ ಅಡಿಕೆ ಇಲ್ಲದ ಬಾಣಂತನ ಯಾವ ಬಾಣಂತನ ರೀ" ಅಂದಳು. ಅವಳ ತಾಯಿ ಅವಳಿಗೆ ಮಾಡಿದ್ದು, ಅವಳ ಅಜ್ಜಿ ತಾಯಿಗೆ ಮಾಡಿದ್ದು ಅದು. ಒಂದು ದೇಶದಲ್ಲಿ ಮದ್ದಾಗಿರುವುದು ಇನ್ನೊಂದರಲ್ಲಿ ಅಪರಾಧ. ಹೊಸ ದೇಶಕ್ಕೆ ಹೋಗುವವರು ಇದನ್ನು ಗೇಟಿನ ಈಚೆಯೇ ತಿಳಿದುಕೊಂಡು ಹೋಗಬೇಕು, ಆಚೆ ಹೋದ ಮೇಲೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.

ರಾತ್ರಿ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: "ಐ ಆಮ್ ಗೋಯಿಂಗ್ ಟು ಮೈ ಡಾಟರ್. ಶಿ ಈಸ್ ಪ್ರೆಗ್ನೆಂಟ್. ಸಿಕ್ಸ್ಟಿ ಡೇಸ್. ರಿಟರ್ನ್ ಟಿಕೆಟ್, ಯೆಸ್." ಹಿಂದೆ ಅಳಿಯನ ಫೋನ್ ನಂಬರು. ಒಲೆ ಮುಂದೆ ಕೂತು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದಾಳೆ.

12 ಫೆಬ್ರವರಿ, ಬುಧವಾರ

ಮಗನ ಕಾರು ನಾನೇ ಓಡಿಸಿದೆ. ಹೊಸ ಸ್ಯಾಟಲೈಟ್ ರಿಂಗ್ ರಸ್ತೆಯಲ್ಲಿ ದೇವನಹಳ್ಳಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂತು. 2008ರ ಮೇ 24ರಂದು ಈ ವಿಮಾನ ನಿಲ್ದಾಣ ಶುರುವಾದಾಗ ಸುತ್ತ ದ್ರಾಕ್ಷಿ ತೋಟ, ಚಕ್ಕೋತ ಮರಗಳು. ಶುರುವಾದ ಮೇಲೆ ಎರಡು ವರ್ಷ ನಾನು ಫೆಬ್ರವರಿಯಲ್ಲಿ ಹೂವಿನ ಗಾಡಿ ಓಡಿಸಿದ್ದೆ. ಪ್ರೇಮಿಗಳ ದಿನದ ಮುಂಚಿನ ಎರಡು ವಾರ ನಮ್ಮ ಕಡೆಯ ಪಾಲಿಹೌಸ್‌ಗಳ ಕೆಂಪು ಗುಲಾಬಿ ಸಿಂಗಪುರ, ಕೌಲಾಲಂಪುರ, ಕುವೈತ್ ಅಂತ ಹೋಗುತ್ತದೆ. ತಣ್ಣನೆಯ ಗಾಡಿಯ ಬಾಗಿಲು ತೆಗೆದರೆ ಹೊಗೆಯ ಹಾಗೆ ಚಳಿ, ಒಳಗೆ ಮೊಗ್ಗು ಬಿಗಿದುಕೊಂಡ ಗುಲಾಬಿ. ಇವತ್ತೂ ಕಾರ್ಗೋ ಕಡೆಗೆ ಅಂಥ ಗಾಡಿಗಳ ಸಾಲು ತಿರುಗುತ್ತಿತ್ತು. ಇಂಡಿಕೇಟರ್ ಹಾಕಲು ಕೈ ಅತ್ತಲೇ ಹೋಯಿತು. ತಡೆದುಕೊಂಡು ಎರಡನೇ ಟರ್ಮಿನಲ್ ಕಡೆಗೆ ತಿರುಗಿಸಿದೆ. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಅಲ್ಲಿಂದಲೇ.

ಬಿದಿರಿನ ಚಾವಣಿಯ ಕೆಳಗೆ ಗಾಜಿನ ಬಾಗಿಲು, ಬಾಗಿಲಲ್ಲಿ ಸಿ.ಐ.ಎಸ್.ಎಫ್.ನ ಜವಾನ. ಟಿಕೆಟು, ಪಾಸ್‌ಪೋರ್ಟು ನೋಡಿ ಅವಳನ್ನು ಬಿಟ್ಟ. ನನ್ನ ಮುಂದೆ ಕೈ ಅಡ್ಡ ಹಿಡಿದ. ಸಿಟ್ಟಿನಿಂದಲ್ಲ, ಅವನ ಕೆಲಸ ಅದು. ಗಾಜಿನ ಆಚೆ ಅವಳು ಟ್ರಾಲಿ ತಳ್ಳಿಕೊಂಡು ಹೋಗುವುದು ಕಾಣುತ್ತಿತ್ತು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ನಾನು ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು ಸಾವಿರ ಸಲವೋ. ಅವಳು ಹೋಗುವುದನ್ನು ನಾನು ನಿಂತು ನೋಡಿದ್ದು ಇದೇ ಮೊದಲು. ಅಲ್ಲಿ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಎಂದು ಇವತ್ತು ಗೊತ್ತಾಯಿತು.

13 ಫೆಬ್ರವರಿ, ಗುರುವಾರ

ಬೆಳಿಗ್ಗೆ ವಾಟ್ಸಾಪಿನಲ್ಲಿ ಅವಳದೇ ದನಿ, ಆರು ನಿಮಿಷ. ನಾಲ್ಕು ಸಲ ಕೇಳಿದೆ.

ಬೆಂಗಳೂರಿನ ಇಮಿಗ್ರೇಷನ್ ಕೌಂಟರಿನಲ್ಲಿ ಇದ್ದವರು ಕನ್ನಡದವರಂತೆ. "ಎಲ್ಲಿಗಮ್ಮ?" ಅಂದರಂತೆ. ಬಾಯಿಪಾಠ ಮಾಡಿದ್ದೆಲ್ಲ ಮರೆತು, ಮಗಳ ಬಾಣಂತನಕ್ಕೆ ಅಂದಳಂತೆ. ಅವರು ಮೊಹರು ಒತ್ತಿ, "ಹುಷಾರಾಗಿ ಹೋಗಿಬನ್ನಿ" ಅಂದರಂತೆ. ಮುಂಚೆ ಹೋಗುವವರು ಒಂದು ಚೀಟಿ ತುಂಬಿಕೊಡಬೇಕಿತ್ತು, 2017ರಿಂದ ಅದಿಲ್ಲ. ಬರೆಯುವ ಕಷ್ಟ ಅವಳಿಗೆ ತಪ್ಪಿತು. ದುಬೈಯಲ್ಲಿ ಇಳಿದ ಮೇಲೆ ಜನದ ಹಿಂದೆ ಹೋದಳಂತೆ. ಬಿಳಿ ನಿಲುವಂಗಿಯ ಅಧಿಕಾರಿ ಕ್ಯಾಮೆರಾ ಕಡೆ ಬೆರಳು ತೋರಿಸಿದ. ಕಣ್ಣು ಅಗಲ ಮಾಡಿ ನಿಂತಳು. ಏನೋ ಕೇಳಿದ, ಅರ್ಥವಾಗಲಿಲ್ಲ. ರಟ್ಟು ಅವನ ಮುಂದೆ ಇಟ್ಟಳು. ಕನ್ನಡ ಅಕ್ಷರ, ಅವನಿಗೆ ಏನು ಗೊತ್ತಾಗಬೇಕು? ಆಗ ಅವಳು ಎರಡೂ ಕೈ ಕೂಡಿಸಿ ಮಗು ತೂಗುವ ಹಾಗೆ ತೂಗಿ ತೋರಿಸಿದಳಂತೆ. ಅವನು ನಕ್ಕು ಮೊಹರು ಹಾಕಿದ.

ಇಪ್ಪತ್ತು ದಿನದಿಂದ ನಾನು ಅವಳಿಗೆ ಕಾಗದದ ಪಾಠ ಹೇಳಿದೆ. ಪೆಟ್ಟಿಗೆಗೆ ಬಾಯಿಲ್ಲ ಎಂದು ಅವಳು ಅಂದಾಗ ನನಗೆ ಹೇಳಲು ಏನೂ ತೋಚಲಿಲ್ಲ. ಉತ್ತರ ಅವಳ ಕೈಯಲ್ಲೇ ಇತ್ತು.

26 ಫೆಬ್ರವರಿ, ಬುಧವಾರ, ಶಿವರಾತ್ರಿ

ಬೆಳಗಿನ ಜಾವ ಹೆಣ್ಣು ಮಗು. ಎರಡು ಕೆ.ಜಿ. ಒಂಬೈನೂರು ಗ್ರಾಂ. ತಾಯಿ, ಮಗು ಸುಖವಾಗಿದ್ದಾರೆ. ಹೊಸಕೋಟೆಯ ಅವಿಮುಕ್ತೇಶ್ವರನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆ. ಜಾಗರಣೆಗೆ ಜನ ಸೇರುತ್ತಿದ್ದರು. ಯಾರು ಸಿಕ್ಕರೂ ನಿಲ್ಲಿಸಿ ಹೇಳಿದೆ.

ಅಳಿಯ ಫೋನಿನಲ್ಲಿ ಮುಂದಿನ ಕೆಲಸ ವಿವರಿಸಿದ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಆ ದೇಶದ್ದಾಗುವುದಿಲ್ಲ. ನಮ್ಮ ಕಾನ್ಸುಲೇಟಿನಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸಿದರೆ ಭಾರತದ ಪ್ರಜೆ. ಪಾಸ್‌ಪೋರ್ಟ್ ಮಾಡಿಸಿ, ಹುಟ್ಟಿದ 120 ದಿನದೊಳಗೆ ಅಲ್ಲಿ ಇರಲು ವೀಸಾ ಮಾಡಿಸಬೇಕು. ನೆಲ, ನೀರು, ಗಾಳಿ ಮೂರೂ ಬಿಟ್ಟು ಒಂದು ದೇಶದೊಳಗೆ ಬಂದವಳು ಅವಳೊಬ್ಬಳೇ. ಕಣ್ಣು ಬಿಡುವ ಮೊದಲೇ ಅವಳಿಗೂ ಕಾಗದ ಬೇಕು.

ಪಕ್ಕದ ಮನೆಯವರು ಕೊಟ್ಟ ತಂಬಿಟ್ಟು ತಿಂದು ಮಲಗಿದೆ. ಮನೆ ಖಾಲಿ ಖಾಲಿ.

19 ಮಾರ್ಚ್, ಬುಧವಾರ

ಪೋಸ್ಟ್‌ಮ್ಯಾನ್ ಹನ್ನೊಂದು ಗಂಟೆಗೆ ಬಂದ. ಆಧಾರ್ ತಿದ್ದುಪಡಿ, ಲೈಸೆನ್ಸ್ ತಿದ್ದುಪಡಿ, ಮತ್ತೆ ಅರ್ಜಿ, ಸ್ಟೇಷನ್ನಿನಿಂದ ಮನೆಗೆ ಬಂದು ವಿಚಾರಣೆ, ಎಲ್ಲ ದಾಟಿ ಕೈಗೆ ಬಂತು. ಕಡುನೀಲಿ ರಟ್ಟು, ಚಿನ್ನದ ಬಣ್ಣದ ಸಿಂಹ. ಒಳಗೆ ಹುಟ್ಟಿದ ಸ್ಥಳ: ಪಿಲ್ಲಗುಂಪೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ನಾನು ಗೇಟಿನ ಮುಂದೆ ಕೊಟ್ಟ ಸಾವಿರಾರು ಕಾಗದಗಳಲ್ಲಿ ಊರಿನ ಹೆಸರು ಇತ್ತು, ಗಾಡಿಯ ನಂಬರು ಇತ್ತು, ಸರಕಿನ ಹೆಸರು ಇತ್ತು. ನನ್ನ ಹೆಸರು ದೊಡ್ಡದಾಗಿ ಬರೆದ ಕಾಗದ ಇದು ಮೊದಲನೆಯದು.

ದೇವರ ಗೂಡಿನಲ್ಲಿ, ಅವಳು ಇಟ್ಟಿದ್ದ ಜಾಗದಲ್ಲೇ ಇಟ್ಟೆ.

5 ಏಪ್ರಿಲ್, ಶನಿವಾರ, ದುಬೈ

ಯುಗಾದಿ ಊರಲ್ಲಿ ಮುಗಿಸಿ, ರಂಜಾನ್ ಹಬ್ಬದ ರಜೆ ಕಳೆದ ಮೇಲೆ ಗುರುವಾರ ಬಂದೆ. ಗಾಜಿನ ಬಾಗಿಲಲ್ಲಿ ಜವಾನ ಪಾಸ್‌ಪೋರ್ಟ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟ. ಇಲ್ಲಿ ಇಳಿದಾಗಲೂ ಹಾಗೇ. ಕ್ಯಾಮೆರಾ ನನ್ನ ಕಣ್ಣು ನೋಡಿತು, ಅಧಿಕಾರಿ ನನ್ನ ಮುಖ ನೋಡಿದ. ಮೂವತ್ತೊಂದು ವರ್ಷ ಗೇಟುಗಳಲ್ಲಿ ನಿಂತಿದ್ದೇನೆ. ಕೈ ಚಾಚಿ ಕಾಗದ ತೆಗೆದುಕೊಂಡವರು ತಲೆ ಎತ್ತಿ ನೋಡಿದ್ದು ನೆನಪಿಲ್ಲ, ನೋಡಿದ್ದು ನಂಬರ್ ಪ್ಲೇಟು, ಸೀಲು. ಅವರನ್ನು ದೂರುವುದಿಲ್ಲ, ಹಿಂದೆ ನೂರು ಗಾಡಿ ನಿಂತಿರುತ್ತಿದ್ದವು. ಆದರೆ ಮನುಷ್ಯ ದಾಟುವ ಗೇಟಿಗೂ ಸರಕು ದಾಟುವ ಗೇಟಿಗೂ ಇರುವ ವ್ಯತ್ಯಾಸ ಇದೇ ಎಂದು ಆ ಎರಡು ನಿಮಿಷದಲ್ಲಿ ತಿಳಿಯಿತು. ನಾಳೆ ಯಾರಾದರೂ ಹುಡುಗ ಡ್ರೈವರುಗಳು ಕೇಳಿದರೆ ಹೇಳುತ್ತೇನೆ: ಪಾಸ್‌ಪೋರ್ಟ್ ಮಾಡಿಸಿಡು, ತಾರೀಖು ಈಗಲೇ ಸರಿ ಮಾಡಿಸಿಕೋ.

ಮೊಮ್ಮಗಳನ್ನು ಕೈಗೆ ಕೊಟ್ಟರು. ಅವ್ವನ ಹಣೆ, ಅಗಲ. ನಮ್ಮವಳು ಬಿಸಿನೀರು ಎರೆದು ಸಾಂಬ್ರಾಣಿ ಹಾಕಿದ್ದಳು. ಹದಿನಾಲ್ಕನೇ ಮಹಡಿಯ ಆ ಮನೆಯಲ್ಲಿ ಪಿಲ್ಲಗುಂಪೆಯ ಹಟ್ಟಿಯ ವಾಸನೆ ಇತ್ತು.

ಸಂಜೆ ಅಳಿಯ ಕ್ರೀಕ್ ತೋರಿಸಲು ಕರೆದುಕೊಂಡು ಹೋದ. ಊರ ನಡುವೆ ಹೊಕ್ಕ ಸಮುದ್ರದ ತೋಳು. ಒಂದು ದಿರ್ಹಮಿಗೆ ಮರದ ದೋಣಿಯಲ್ಲಿ ಆ ದಡಕ್ಕೆ ಬಿಡುತ್ತಾರೆ. ದೇರಾದ ದಂಡೆಯಲ್ಲಿ ದೊಡ್ಡ ಮರದ ಹಡಗುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ನಮ್ಮ ಮಂಗಳೂರಿನ ಹಳೆ ಬಂದರಿನ ಮಂಜಿಗಳ ಕಡೆಯವೇ. ದಡದ ಮೇಲೆ ಫ್ರಿಜ್ಜು, ಟೈರು, ಎಣ್ಣೆ ಡಬ್ಬ, ಬಟ್ಟೆ ಮೂಟೆ ರಾಶಿ. ಕಂಟೇನರಿಲ್ಲ, ಸೀಲಿಲ್ಲ, ಜನ ಹೆಗಲ ಮೇಲೆ ಹೊತ್ತು ತುಂಬುತ್ತಿದ್ದರು. ಊರಾಚೆ ಜೆಬೆಲ್ ಅಲಿಯಲ್ಲಿ 1979ರಿಂದ ನಡೆಯುತ್ತಿರುವ ಅಷ್ಟು ದೊಡ್ಡ ಬಂದರು ಇದ್ದೂ ಈ ಮರದ ಹಡಗುಗಳ ಓಡಾಟ ನಿಂತಿಲ್ಲ. ಒಬ್ಬ ಖಲಾಸಿ ಗುಜರಾತಿನವನು, ಹಿಂದಿಯಲ್ಲಿ ಮಾತಾಡಿಸಿದೆ. ನಾನು ಲಾರಿ ಡ್ರೈವರ್ ಎಂದೆ. ಅವನು ಹಗ್ಗ ಬಿಟ್ಟು ಬಂದು ಕೈ ಕುಲುಕಿದ. ಆ ಅಂಗೈ ನನ್ನ ಅಂಗೈಯಷ್ಟೇ ಒರಟಾಗಿತ್ತು. ಅಲ್ಲೇ ನಿಂತು ಮೊದಲ ಬಾರಿಗೆ ಗೇಟಿಲ್ಲದೆ, ಗೋಡೆಯಿಲ್ಲದೆ ಹಡಗಿನ ಕೆಳಗಿನ ನೀರು ನೋಡಿದೆ.

11 ಏಪ್ರಿಲ್, ಶುಕ್ರವಾರ, ಪಿಲ್ಲಗುಂಪೆ

ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದೆವು. ಇಮಿಗ್ರೇಷನ್ ಸಾಲಿನಲ್ಲಿ ನಾನು ಮುಂದೆ, ಅವಳು ಹಿಂದೆ. ಅಧಿಕಾರಿ ಮುಖ ನೋಡಿ, ಪುಟ ತಿರುಗಿಸಿ, ಮೊಹರು ಒತ್ತಿದರು. ಅರವತ್ತೊಂದು ವರ್ಷ ಈ ನೆಲದ ಮೇಲೆ ಓಡಾಡಿದ್ದೇನೆ. ಇದರೊಳಗೆ ಬಂದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಇವತ್ತು ತಾರೀಖು ಹಾಕಿ ಬರೆದುಕೊಟ್ಟರು. ನಮ್ಮವಳು ತನ್ನ ಪುಟವನ್ನೂ ತೆಗೆದು ನನ್ನದರ ಪಕ್ಕ ಹಿಡಿದಳು. ಎರಡೂ ಮೊಹರು ಒಂದೇ ದಿನದವು.

ಹೊರಗೆ ಟ್ಯಾಕ್ಸಿ ಹುಡುಗರು ಹೆಸರಿನ ಬೋರ್ಡು ಹಿಡಿದು ಕಂಬಿಯ ಆಚೆ ನಿಂತಿದ್ದರು. ನಿದ್ದೆಗೆಟ್ಟ ಕಣ್ಣು, ಬಂದವರ ಕಡೆಗೆ ಚಾಚಿದ ಕುತ್ತಿಗೆ. ಆ ಕಡೆ ನಿಂತು ನನಗೆ ಗೊತ್ತು. ಹಾದುಹೋಗುವಾಗ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬ ಹುಡುಗ ನಕ್ಕ.

ಮಗನ ಕಾರು. ಹೊರಟದ್ದು 4-50. ಸೂಲಿಬೆಲೆ ಕಡೆ ಮಂಜು. ಪಿಲ್ಲಗುಂಪೆ ತಲುಪಿದ್ದು 5-45. ಕಿಲೋಮೀಟರು ನೋಡಲು ಮರೆತೆ. ಬಂದವರು ಇಬ್ಬರು.